ಯೇಸು ಸಾಲ ತೀರಿಸಿದ ಮೇಲೆ ಅಣ್ಣ ನನ್ನ ಪಾಲು ಕೊಡಬೇಕಾಗಿಲ್ವಾ?

ಪ್ರಶ್ನೆ: ಅಪ್ಪನ ಸೈಟ್ ಮಾರಿದಾಗ ನನ್ನ ಪಾಲಿನ ದುಡ್ಡನ್ನ ಅಣ್ಣ ಕೊಡ್ಲೇ ಇಲ್ಲ, ಸುಳ್ಳು ಹೇಳಿ ಸೈನ್ ಹಾಕಿಸ್ಕೊಂಡಿದ್ದ. ಈಗ ರಿಟ್ರೀಟ್‌ಗೆ ಹೋಗಿ ಬಂದ ಮೇಲೆ ತುಂಬಾ ಬದಲಾಗಿದಾನೆ, ಕುಡಿಯೋದು ಬಿಟ್ಟಿದಾನೆ, ದಿನಾ ಬೈಬಲ್ ಓದ್ತಾನೆ. ಮೊನ್ನೆ ಬಂದು "ದೇವರು ನನ್ನನ್ನ ಕ್ಷಮಿಸಿದಾನೆ, ಯೇಸು ಶಿಲುಬೆ ಮೇಲೆ ನನ್ನ ಸಾಲ ಎಲ್ಲಾ ತೀರಿಸಿದಾನೆ, ನೀನೂ ಕ್ಷಮಿಸಿಬಿಡು" ಅಂದ. ದುಡ್ಡಿನ ಮಾತು ಎತ್ತಲೇ ಇಲ್ಲ. ಕ್ಷಮಿಸದೇ ಇದ್ರೆ ನಿನಗೇ ಪಾಪ ಅಂತ ಅಮ್ಮ ಹೇಳ್ತಾರೆ. ನಾನು ಕ್ಷಮಿಸಲೇಬೇಕಾ? ಇನ್ನೊಂದು ಡೌಟು, ಶಿಲುಬೆ ಮೇಲೆ ಸಾಲ ಪೂರ್ತಿ ತೀರಿದೆ ಅಂದ್ರೆ ದೇವರು ಕ್ಷಮಿಸಿದ್ದು ಏನನ್ನ? ವಸೂಲಿ ಆಯ್ತಲ್ವಾ?

ಉತ್ತರ: ನಿಮ್ಮ ಅಣ್ಣ ನಿಮಗೆ ದುಡ್ಡು ಕೊಡಬೇಕು. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಬರೋದು ಸ್ವಲ್ಪ ಉದ್ದ ಇದೆ, ಅದನ್ನ ಓದ್ತಾ ಓದ್ತಾ ಇದು ಮರೆತುಹೋಗಬಾರದು. ಅವರ ಪಶ್ಚಾತ್ತಾಪ ಸುಳ್ಳು ಅಂತ ನಾನು ಹೇಳ್ತಿಲ್ಲ, ಕುಡಿತ ಬಿಡೋದು ಸಣ್ಣ ಮಾತಲ್ಲ, ದೇವರು ಅವರನ್ನ ಮುಟ್ಟಿದಾನೆ ಅಂತಾನೇ ನಂಬೋಣ. ಆದ್ರೆ ಶಿಲುಬೆ ಹೆಸರು ಹೇಳಿ ತಂಗಿಯ ಪಾಲಿನ ಲೆಕ್ಕ ಮುಚ್ಚೋದಕ್ಕೆ ಕ್ಯಾಥೊಲಿಕ್ ಆಗ್ಲಿ ಪ್ರಾಟೆಸ್ಟೆಂಟ್ ಆಗ್ಲಿ ಆರ್ಥೊಡಾಕ್ಸ್ ಆಗ್ಲಿ, ಯಾವ ಸಭೆಯ ಬೋಧನೆಯಲ್ಲೂ ಜಾಗ ಇಲ್ಲ.

ನಿಮ್ಮ ಎರಡನೇ ಡೌಟಿಂದ ಶುರು ಮಾಡ್ತೀನಿ, ಅದು ಬಿಡಿಸಿದ್ರೆ ಮೊದಲನೇದು ತಾನಾಗೇ ಬಿಡಿಸಿಕೊಳ್ಳುತ್ತೆ. ಇದೇ ಪ್ರಶ್ನೆಯನ್ನ ಫೌಸ್ಟೋ ಸೊಸ್ಸೀನಿ ಅನ್ನೋ ಇಟಲಿಯವನು 1578ರಲ್ಲಿ ಬರೆದು ಮುಗಿಸಿದ ಒಂದು ಪುಸ್ತಕದಲ್ಲಿ ಕೇಳಿದ, ಅದು 1594ರಲ್ಲಿ ಅಚ್ಚಾಯ್ತು. ಅವನ ವಾದ ನಿಮ್ಮದೇ ವಾದ: ಸಾಲ ಮನ್ನಾ ಮಾಡೋದು ಬೇರೆ, ವಸೂಲಿ ಮಾಡೋದು ಬೇರೆ, ಎರಡೂ ಒಟ್ಟಿಗೆ ಆಗೋಕೆ ಸಾಧ್ಯ ಇಲ್ಲ, ಪೂರ್ತಿ ಕಟ್ಟಿಸಿಕೊಂಡ ಮೇಲೆ ಕ್ಷಮಿಸಿದೆ ಅಂದ್ರೆ ಅದಕ್ಕೆ ಅರ್ಥ ಏನು? ಅಷ್ಟಕ್ಕೇ ನಿಲ್ಲಿಸದೆ ಇನ್ನೊಂದು ಹೆಜ್ಜೆ ಮುಂದೆ ಹೋದ, ದುಡ್ಡಿನ ಸಾಲವನ್ನಾದ್ರೆ ಬೇರೆ ಯಾರೋ ಕಟ್ಟಬಹುದು, ಶಿಕ್ಷೆಯನ್ನ ಒಬ್ಬನಿಂದ ಇನ್ನೊಬ್ಬನಿಗೆ ದಾಟಿಸೋಕೆ ಆಗಲ್ಲ ಅಂದ. ಆ ಕಾಲದಲ್ಲಿ ಇಂಥಾ ಮಾತು ಆಡೋದು ಅಪಾಯದ ಕೆಲಸ, 1598ರಲ್ಲಿ ಪೋಲೆಂಡಿನ ಕ್ರಾಕೋದಲ್ಲಿ ಗುಂಪು ಕಟ್ಟಿಕೊಂಡು ಬಂದು ಅವನ ಮೇಲೆ ದಾಳಿ ಮಾಡಿದ್ರು.

ಅವನಿಗೆ ಗಟ್ಟಿ ಉತ್ತರ ಕೊಟ್ಟಿದ್ದು ಹ್ಯೂಗೋ ಗ್ರೋಷಿಯಸ್, 1617ರಲ್ಲಿ. ಡಚ್ ದೇಶದ ದೊಡ್ಡ ಕಾನೂನು ಪಂಡಿತ, ಅದಕ್ಕೇ ಅವನ ಉತ್ತರವೂ ಲಾಯರ್ ಉತ್ತರದ ಥರಾನೇ ಇದೆ. ಸಾಲಗಾರನೇ ಬಂದು ಅದೇ ದುಡ್ಡು ಕಟ್ಟಿದ್ರೆ ಸಾಲ ತಾನಾಗೇ ತೀರುತ್ತೆ, ಕೊಟ್ಟವನ ಒಪ್ಪಿಗೆ ಬೇಕಿಲ್ಲ. ಆದ್ರೆ ಬೇರೆ ಯಾರೋ ಬಂದು ಬೇರೆ ಏನೋ ಕೊಟ್ರೆ, ಸಾಲ ಕೊಟ್ಟವನು "ಆಯ್ತು, ಇದನ್ನೇ ತಗೋತೀನಿ, ಇವನನ್ನ ಬಿಡ್ತೀನಿ" ಅಂತ ಒಪ್ಪಬೇಕು, ಆ ಒಪ್ಪಿಗೇಲೇ ಕ್ಷಮೆ ಇದೆ ಅಂತ ಅವನ ಪಾಯಿಂಟು. ಜೊತೆಗೆ, ಪಾಪದ ವಿಷಯದಲ್ಲಿ ದೇವರು ಸಾಲ ಕೊಟ್ಟ ಸಾಹುಕಾರನ ಜಾಗದಲ್ಲಿ ಇಲ್ಲ, ಆಳುವವನ ಜಾಗದಲ್ಲಿ ಇದಾನೆ, ಆಳುವವನಿಗೆ ಕರುಣೆ ತೋರಿಸೋ ಅಧಿಕಾರಾನೂ ಇರುತ್ತೆ ನ್ಯಾಯದ ಬೆಲೆ ಉಳಿಸೋ ಜವಾಬ್ದಾರೀನೂ ಇರುತ್ತೆ ಅಂತಾನೂ ಹೇಳಿದ.

ನನಗೆ ಈ ಉತ್ತರ ಅರ್ಧ ಸರಿ ಅನ್ಸುತ್ತೆ. ಉಳಿದ ಅರ್ಧ ಪೌಲನ ಎರಡನೇ ಕೊರಿಂಥ ಪತ್ರದ 5ನೇ ಅಧ್ಯಾಯದಲ್ಲಿದೆ, ದೇವರು ಕ್ರಿಸ್ತನಲ್ಲಿದ್ದುಕೊಂಡೇ ಲೋಕವನ್ನ ತನ್ನ ಜೊತೆ ಸಮಾಧಾನ ಮಾಡ್ಕೊಂಡ ಅನ್ನೋ ಮಾತು. ಅಂದ್ರೆ ಸಿಟ್ಟಾಗಿರೋ ಸಾಹುಕಾರ ಒಂದು ಕಡೆ, ಪಾಪ ಯಾರೋ ಮೂರನೆಯವನು ಬಂದು ಬಿಲ್ ಕಟ್ಟಿದ ಅನ್ನೋ ಚಿತ್ರಾನೇ ತಪ್ಪು, ನಷ್ಟ ಆದವನೇ ನಷ್ಟ ಹೊತ್ತುಕೊಂಡ ಅನ್ನೋದು ಶಿಲುಬೆಯ ಮಾತು. ಯೋಚನೆ ಮಾಡಿ ನೋಡಿ, ನೀವು ನಾಳೆ ಅಣ್ಣನಿಗೆ ಪೂರ್ತಿ ದುಡ್ಡು ಬಿಟ್ಟುಕೊಟ್ರೆ ಆ ನಷ್ಟ ಗಾಳೀಲಿ ಕರಗಿಹೋಗಲ್ಲ, ಅದು ನಿಮ್ಮ ಮೇಲೆ ಬೀಳುತ್ತೆ, ನಿಮ್ಮ ಮಕ್ಕಳ ಫೀಸಿನ ಮೇಲೆ ಬೀಳುತ್ತೆ. ಕ್ಷಮೆ ಅಂದ್ರೆ ಯಾರೋ ಒಬ್ಬರು ಹೊರೋದು. ದೇವರು ಅದನ್ನ ಬೇರೆಯವರ ಮೇಲೆ ಹಾಕದೆ ತಾನೇ ಹೊತ್ತ ಅನ್ನೋದನ್ನ ವಸೂಲಿ ಅಂತ ಕರೆಯೋಕಾಗಲ್ಲ.

ಈ ಸಾಲ ತೀರಿಸೋ ಭಾಷೆಗೆಲ್ಲಾ ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಆನ್ಸೆಲ್ಮ್ ಕಾರಣ ಅಂತ ಜನ ಅವನ ಮೇಲೆ ಹಾಕ್ತಾರೆ. ದೇವರು ಮನುಷ್ಯನಾಗಿದ್ದು ಯಾಕೆ ಅಂತ ಕೇಳೋ ಅವನ ಪುಸ್ತಕ 1098ರಲ್ಲಿ ಮುಗೀತು, ಇಂಗ್ಲೆಂಡಿನ ರಾಜನ ಜೊತೆ ಜಗಳ ಆಗಿ ದೇಶ ಬಿಟ್ಟು ಇಟಲಿಯಲ್ಲಿದ್ದಾಗ ಮುಗಿಸಿದ್ದು. ಬೊಸೊ ಅನ್ನೋ ಸನ್ಯಾಸಿ ಪ್ರಶ್ನೆ ಕೇಳ್ತಾನೆ, ಆನ್ಸೆಲ್ಮ್ ಉತ್ತರ ಕೊಡ್ತಾನೆ, ಹೀಗೆ ಮಾತುಕತೆ ಥರ ಇದೆ. ನಿಮ್ಮ ಕೇಸಿಗೆ ನೇರವಾಗಿ ತಾಗೋ ಒಂದು ಜಾಗ ಅದರಲ್ಲಿದೆ. ಕಿತ್ಕೊಂಡಿದ್ದನ್ನ ಅಷ್ಟಕ್ಕಷ್ಟೇ ವಾಪಸ್ ಕೊಟ್ರೆ ಸಾಲಲ್ಲ, ಮಾಡಿದ ಅವಮಾನಕ್ಕೂ ಸೇರಿಸಿ ಜಾಸ್ತಿ ಕೊಡಬೇಕು ಅಂತಾನೆ, ಒಬ್ಬನ ಆರೋಗ್ಯ ಕೆಡಿಸಿದವನು ಬರೀ ವಾಸಿ ಮಾಡಿಸಿದ್ರೆ ಆಗಲ್ಲ, ಅವನು ಪಟ್ಟ ನೋವಿಗೂ ಏನಾದ್ರೂ ಕೊಡಬೇಕು ಅಂತಾನೆ. ಆಮೇಲೆ ಬೊಸೊನ್ನ ಕೇಳ್ತಾನೆ, ಸರಿ, ನೀನು ದೇವರಿಗೆ ಏನು ಕೊಡ್ತೀಯ? ಬೊಸೊ ಪಶ್ಚಾತ್ತಾಪ, ಉಪವಾಸ, ದಾನ, ವಿಧೇಯತೆ ಅಂತ ಲಿಸ್ಟ್ ಹೇಳ್ತಾನೆ. ಇವೆಲ್ಲಾ ನೀನು ಪಾಪ ಮಾಡದೇ ಇದ್ರೂ ಕೊಡಬೇಕಾಗಿದ್ದೇ ಅಲ್ವಾ, ಇದರಲ್ಲಿ ಹಳೇ ಬಾಕಿಗೆ ಅಂತ ಏನು ಉಳೀತು ಅಂತ ಆನ್ಸೆಲ್ಮ್ ಕೇಳಿದಾಗ ಬೊಸೊ ಹತ್ರ ಉತ್ತರ ಇಲ್ಲ. ಕೊಡಬೇಕಾದವನು ಮನುಷ್ಯ, ಕೊಡೋ ಶಕ್ತಿ ಇರೋದು ದೇವರಿಗೆ ಮಾತ್ರ, ಅದಕ್ಕೇ ದೇವರೂ ಮನುಷ್ಯನೂ ಆದವನು ಬರಬೇಕಾಯ್ತು ಅನ್ನೋದು ಅವನ ಲೆಕ್ಕ. ಇಲ್ಲಿ ಶಿಕ್ಷೆ ಇಲ್ಲ ಅನ್ನೋದನ್ನ ಗಮನಿಸಿ, ಆನ್ಸೆಲ್ಮ್ ಪ್ರಕಾರ ಒಂದೋ ತಪ್ಪು ತುಂಬಿಕೊಡಬೇಕು ಇಲ್ಲಾ ಶಿಕ್ಷೆ ಆಗಬೇಕು, ಕ್ರಿಸ್ತ ಮಾಡಿದ್ದು ಮೊದಲನೇದು. ನಮ್ಮ ಬದಲಿಗೆ ಶಿಕ್ಷೆ ಅನುಭವಿಸಿದ ಅಂತ ಗಟ್ಟಿಯಾಗಿ ಹೇಳಿದ್ದು ಆಮೇಲೆ 16ನೇ ಶತಮಾನದಲ್ಲಿ ಬಂದ ಕಾಲ್ವಿನ್ ಮತ್ತೆ ಅವನ ಕಾಲದ ಪ್ರಾಟೆಸ್ಟೆಂಟ್ ಸುಧಾರಕರು, ಇವತ್ತು ನಮ್ಮ ಕನ್ವೆನ್ಷನ್ ಸ್ಟೇಜುಗಳಲ್ಲಿ ಕೇಳೋದು ಹೆಚ್ಚಾಗಿ ಇದನ್ನೇ. 12ನೇ ಶತಮಾನದ ಫ್ರೆಂಚ್ ಪಂಡಿತ ಅಬೆಲಾರ್ಡ್ ಶಿಲುಬೆಯ ಪ್ರೀತಿ ನೋಡಿ ನಮ್ಮ ಮನಸ್ಸು ತಿರುಗುತ್ತೆ ಅನ್ನೋದಕ್ಕೆ ಒತ್ತು ಕೊಟ್ಟ, ಪೂರ್ವದ ಆರ್ಥೊಡಾಕ್ಸ್ ಸಭೆಗಳು ಪಾಪವನ್ನ ಕಾಯಿಲೆ ಥರ ನೋಡ್ತಾವೆ, ಅವಕ್ಕೆ ಈ ಸಾಲದ ಲೆಕ್ಕದಲ್ಲಿ ಅಷ್ಟು ಆಸಕ್ತಿ ಇಲ್ಲ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ಈ ಥಿಯರಿಗಳೆಲ್ಲಾ ಮಾತಾಡೋದು ಮನುಷ್ಯ ದೇವರಿಗೆ ಕೊಡಬೇಕಾದ ಬಾಕಿ ಬಗ್ಗೆ. ಅಣ್ಣ ತಂಗಿಗೆ ಕೊಡಬೇಕಾದ ಬಾಕಿ ಶಿಲುಬೆ ಮೇಲೆ ರದ್ದಾಯ್ತು ಅಂತ ಆನ್ಸೆಲ್ಮ್ ಹೇಳಲಿಲ್ಲ, ಕಾಲ್ವಿನ್ನೂ ಹೇಳಲಿಲ್ಲ. ಶಿಲುಬೆ ಇರೋದು ನಾವು ಕೊಡೋಕೆ ಆಗದೇ ಇರೋದಕ್ಕೆ, ಕೊಡೋಕೆ ಮನಸ್ಸಿಲ್ಲದೇ ಇರೋದಕ್ಕಲ್ಲ. ನಾನು ಇಷ್ಟು ಖಡಕ್ಕಾಗಿ ಹೇಳೋದಕ್ಕೆ ಆಧಾರ ಬೈಬಲ್ಲಲ್ಲೇ ಇದೆ, ಅಣ್ಣ ದಿನಾ ಓದ್ತಾರೆ ಅಂದ್ರಲ್ಲ, ಯಾಜಕಕಾಂಡ 6ನೇ ಅಧ್ಯಾಯ ತೆಗೆಯೋಕೆ ಹೇಳಿ. ನಂಬಿ ಕೊಟ್ಟ ಒಡವೆ ವಿಷಯದಲ್ಲಿ ಮೋಸ ಮಾಡಿದವನು, ಕಿತ್ಕೊಂಡವನು, ಸುಳ್ಳು ಆಣೆ ಇಟ್ಟವನು ಏನು ಮಾಡಬೇಕು ಅಂತ ಅಲ್ಲಿ ಬರೆದಿದೆ. ಅಸಲು ಪೂರ್ತಿ ಕೊಡಬೇಕು, ಅದರ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕು, ಯಾರದ್ದೋ ಅವರ ಕೈಗೇ ಕೊಡಬೇಕು, ಜೊತೆಗೆ ಟಗರನ್ನ ಯಾಜಕನ ಹತ್ರ ತರಬೇಕು, ಯಾಜಕ ದೋಷಪರಿಹಾರ ಮಾಡಿದ ಮೇಲೆ ಕ್ಷಮೆ. ದುಡ್ಡು ತಿಂದು ಟಗರು ಮಾತ್ರ ತಂದ್ರೆ ಆಗ್ತಿರಲಿಲ್ಲ. ಅರಣ್ಯಕಾಂಡ 5ರಲ್ಲಿ ಇನ್ನೂ ಬಿಗಿ ಮಾಡಿದಾರೆ, ಮೋಸ ಹೋದವನೂ ಇಲ್ಲ, ತಗೊಳ್ಳೋಕೆ ಅವನ ಸಂಬಂಧಿಕರೂ ಯಾರೂ ಇಲ್ಲ ಅಂದ್ರೂ ಸಾಲ ಹೋಗಲ್ಲ, ಅದು ದೇವರಿಗೆ ಸೇರಿ ಯಾಜಕನಿಗೆ ಸಲ್ಲುತ್ತೆ. ಯೆಹೂದ್ಯರ ಹಳೇ ಧರ್ಮನಿಯಮಗಳ ಸಂಗ್ರಹ ಮಿಷ್ನಾದಲ್ಲೂ ಇದೇ ನಿಯಮ ಇದೆ, ಮನುಷ್ಯ ಮನುಷ್ಯನಿಗೆ ಮಾಡಿದ ತಪ್ಪಿಗೆ ಯೋಮ್ ಕಿಪ್ಪೂರ್ ಅನ್ನೋ ಪ್ರಾಯಶ್ಚಿತ್ತ ದಿನದ ಪರಿಹಾರ ತಾಗೋದು ಆ ಮನುಷ್ಯನನ್ನ ಸಮಾಧಾನ ಮಾಡಿದ ಮೇಲೇನೇ.

ಹಾಗಾದ್ರೆ ಕೊಡೋಕೇ ಆಗದೇ ಇರೋ ಬಾಕಿ ಯಾವುದು? ದಾವೀದ ರಾಜನದ್ದು. ತನ್ನ ಸೈನಿಕ ಊರೀಯನ ಹೆಂಡ್ತಿನ ತಗೊಂಡ, ಊರೀಯನ್ನ ಯುದ್ಧದಲ್ಲಿ ಸಾಯೋ ಹಾಗೆ ಮಾಡಿದ. ಪ್ರವಾದಿ ನಾತಾನ ಬಂದು ಬಡವನ ಒಂದೇ ಒಂದು ಕುರಿಮರಿಯನ್ನ ಶ್ರೀಮಂತ ಕಿತ್ಕೊಂಡ ಕಥೆ ಹೇಳಿದಾಗ ದಾವೀದ ಸಿಟ್ಟಲ್ಲಿ, ಆ ಮನುಷ್ಯ ನಾಲ್ಕರಷ್ಟು ವಾಪಸ್ ಕೊಡಬೇಕು ಅಂತ ತಾನೇ ತೀರ್ಪು ಕೊಟ್ಟುಬಿಟ್ಟ. ಆದ್ರೆ ಊರೀಯ ಸತ್ತುಹೋಗಿದ್ದ, ನಾಲ್ಕರಷ್ಟು ಅಲ್ಲ ನಾಲ್ಕು ಸಾವಿರದಷ್ಟು ಕೊಡ್ತೀನಿ ಅಂದ್ರೂ ಯಾರಿಗೆ ಕೊಡ್ತಾನೆ? 51ನೇ ಕೀರ್ತನೆ ಅಲ್ಲಿಂದ ಬಂದಿದ್ದು, ಕೈಯಲ್ಲಿ ಕೊಡೋಕೆ ಏನೂ ಉಳಿಯದವನ ಪ್ರಾರ್ಥನೆ ಅದು. ಅಂಥವನಿಗೆ ಶಿಲುಬೆಯ ಮಾತು ಜೀವದ ಮಾತು, ಅದನ್ನ ನಾನು ಯಾವತ್ತೂ ಹಗುರ ಮಾಡಲ್ಲ. ನಿಮ್ಮ ಅಣ್ಣನ ವಿಷಯ ಹಾಗಲ್ಲ, ನೀವು ಬದುಕಿದೀರ, ಎದುರಿಗೆ ಕೂತಿದೀರ, ಮೊತ್ತ ಎಷ್ಟು ಅಂತಾನೂ ಇಬ್ಬರಿಗೂ ಗೊತ್ತು.

ಈ ವ್ಯತ್ಯಾಸವನ್ನ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ 5ನೇ ಶತಮಾನದ ಶುರುವಲ್ಲೇ ಮ್ಯಾಸಿಡೋನಿಯಸ್ ಅನ್ನೋ ಅಧಿಕಾರಿಗೆ ಬರೆದ ಪತ್ರದಲ್ಲಿ ಹೇಳಿದಾನೆ. ವಾಪಸ್ ಕೊಡೋಕೆ ಸಾಧ್ಯ ಇದ್ದೂ ಕೊಡದೇ ಇದ್ರೆ ಅದು ಪಶ್ಚಾತ್ತಾಪ ಅಲ್ಲ ನಟನೆ, ಕಿತ್ಕೊಂಡಿದ್ದನ್ನ ಹಿಂದಿರುಗಿಸೋ ತನಕ ಪಾಪಕ್ಕೆ ಬಿಡುಗಡೆ ಇಲ್ಲ. ಈ ಮಾತು ಆಮೇಲೆ ಚರ್ಚಿನ ಕಾನೂನಿನಲ್ಲಿ ಸೂತ್ರದ ಥರ ನಿಂತುಬಿಡ್ತು. ನಿಮ್ಮದು ಕ್ಯಾಥೊಲಿಕ್ ಮನೆ ಆಗಿದ್ರೆ ಇದು ಇನ್ನೂ ಸುಲಭ, ಪಾಪನಿವೇದನೆಯಲ್ಲಿ ದುಃಖ ಪಡೋದು, ಹೇಳಿಕೊಳ್ಳೋದು, ತುಂಬಿಕೊಡೋದು ಮೂರೂ ಸೇರಬೇಕು ಅಂತ 1551ರಲ್ಲಿ ಟ್ರೆಂಟ್ ಮಹಾಸಭೆ ಹೇಳಿದೆ, 1992ರಲ್ಲಿ ಬಂದ ಕ್ಯಾಥೊಲಿಕ್ ಧರ್ಮೋಪದೇಶ ಪುಸ್ತಕದ (ಕ್ಯಾಟೆಕಿಸಂ) 1459ನೇ ಪ್ಯಾರಾದಲ್ಲಿ ಕದ್ದ ವಸ್ತು ವಾಪಸ್ ಕೊಡೋದನ್ನ ಹೆಸರಿಟ್ಟೇ ಬರೆದಿದಾರೆ. ಪ್ರಾಟೆಸ್ಟೆಂಟ್ ಆಗಿದ್ರೆ, ಕೃಪೆ ಪುಕ್ಕಟೆ, ನಮ್ಮ ಕೆಲಸದಿಂದ ರಕ್ಷಣೆ ಇಲ್ಲ ಅಂತ ಅಣ್ಣ ವಾದ ಮಾಡಬಹುದು. ಅದು ನಿಜಾನೇ. ಆದ್ರೆ ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ 1517ರಲ್ಲಿ ಬರೆದ 95 ವಾದಸೂತ್ರಗಳ ಮೂರನೇದನ್ನೂ ಓದಬೇಕು, ಹೊರಗೆ ಏನೂ ಹುಟ್ಟಿಸದ ಒಳಗಿನ ಪಶ್ಚಾತ್ತಾಪ ಪಶ್ಚಾತ್ತಾಪಾನೇ ಅಲ್ಲ ಅನ್ನೋ ಅರ್ಥದ್ದು ಅದು. 1904ರಲ್ಲಿ ವೇಲ್ಸ್ ದೇಶದಲ್ಲಿ ದೊಡ್ಡ ಉಜ್ಜೀವನ ಆದಾಗ ಜನ ಹಳೇ ಸಾಲಗಳನ್ನ ಹುಡುಕಿಕೊಂಡು ಹೋಗಿ ತೀರಿಸಿದ್ದನ್ನ ಆ ಕಾಲದ ವರದಿಗಳು ಹೇಳ್ತಾವೆ, ಅವರಿಗೆ ಅದು ರಕ್ಷಣೆಗೆ ಕೊಡೋ ಬೆಲೆ ಆಗಿರಲಿಲ್ಲ, ರಕ್ಷಣೆ ಸಿಕ್ಕಿದ ಮೇಲೆ ಸುಮ್ನಿರೋಕೆ ಆಗದೆ ಮಾಡಿದ್ದು.

ಜಕ್ಕಾಯನ ಕಥೆ (ಲೂಕ 19) ನನಗೆ ಇಷ್ಟ ಆಗೋದು ಇದೇ ಕಾರಣಕ್ಕೆ. ಯೆರಿಕೋವಿನ ಸುಂಕದವರ ಮುಖ್ಯಸ್ಥ, ಮರ ಹತ್ತಿ ಕೂತಿದ್ದ. ಯೇಸು ಅವನಿಗೆ ಕಂಡೀಶನ್ ಹಾಕಲಿಲ್ಲ, ಮೊದಲು ಲೆಕ್ಕ ಚುಕ್ತಾ ಮಾಡು ಆಮೇಲೆ ಬರ್ತೀನಿ ಅನ್ನಲಿಲ್ಲ, ಇವತ್ತು ನಿನ್ನ ಮನೇಲೇ ಉಳ್ಕೊಳ್ಳಬೇಕು ಅಂದ ಅಷ್ಟೆ. ಸ್ವಾಗತ ಮೊದಲು ಬಂತು. ಆಮೇಲೆ ಜಕ್ಕಾಯ ಎದ್ದು ನಿಂತು, ಯಾರೂ ಕೇಳದೇನೇ, ಆಸ್ತಿಯಲ್ಲಿ ಅರ್ಧ ಬಡವರಿಗೆ, ಯಾರಿಗಾದ್ರೂ ಮೋಸ ಮಾಡಿದ್ರೆ ನಾಲ್ಕರಷ್ಟು ವಾಪಸ್ ಅಂದ. ತಾನಾಗೇ ಒಪ್ಪಿಕೊಂಡವನಿಗೆ ನಿಯಮ ಕೇಳ್ತಿದ್ದಿದ್ದು ಅಸಲು ಮತ್ತೆ ಐದನೇ ಒಂದು ಭಾಗ ಮಾತ್ರ, ಇವನು ವಿಮೋಚನಕಾಂಡ 22ರಲ್ಲಿ ಕುರಿ ಕದ್ದು ಕೊಯ್ದವನಿಗೋ ಮಾರಿದವನಿಗೋ ಹಾಕಿರೋ ರೇಟು ತನಗೆ ತಾನೇ ಹಾಕ್ಕೊಂಡ. ಈ ಮನೆಗೆ ಇವತ್ತು ರಕ್ಷಣೆ ಬಂತು ಅಂತ ಯೇಸು ಹೇಳಿದ್ದು ಆ ಮಾತು ಕೇಳಿದ ಮೇಲೆ.

ಇನ್ನೊಂದು ಪತ್ರ ಇದೆ, ಜನ ಜಾಸ್ತಿ ಓದಲ್ಲ, ಫಿಲೆಮೋನನಿಗೆ ಪೌಲ ಬರೆದಿದ್ದು, ಬರೀ 25 ವಚನ. ಫಿಲೆಮೋನನ ದಾಸ ಒನೇಸಿಮ ಯಜಮಾನನಿಂದ ದೂರ ಆಗಿ ಪೌಲನ ಹತ್ರ ಸೇರಿ ವಿಶ್ವಾಸಿ ಆಗಿದಾನೆ. ಅವನಿಂದ ನಿನಗೆ ಏನಾದ್ರೂ ನಷ್ಟ ಆಗಿದ್ರೆ ನನ್ನ ಲೆಕ್ಕಕ್ಕೆ ಬರ್ಕೋ, ಪೌಲನಾದ ನಾನೇ ಕೈಯಾರೆ ಬರೀತಿದೀನಿ, ನಾನೇ ಕೊಡ್ತೀನಿ ಅಂತಾನೆ ಪೌಲ. ಶಿಲುಬೆ ಬಗ್ಗೆ ಪೌಲ ಏನು ತಿಳ್ಕೊಂಡಿದ್ದ ಅಂತ ಅವನ ನಡತೆಯಲ್ಲೇ ಕಾಣುತ್ತೆ, ಇನ್ನೊಬ್ಬನ ಬಾಕಿ ತನ್ನ ಮೇಲೆ ಹಾಕ್ಕೊಳ್ಳೋದು. ಆದ್ರೆ ಅವನೇ ಒನೇಸಿಮನ್ನ ಫಿಲೆಮೋನನ ಎದುರಿಗೆ ವಾಪಸ್ ಕಳಿಸ್ತಿದಾನೆ, ನೀನು ಈಗ ಹೊಸ ಮನುಷ್ಯ, ಹಳೇ ಯಜಮಾನನ ನಷ್ಟದ ಮಾತು ಬಿಟ್ಬಿಡು ಅಂತ ಹೇಳಲಿಲ್ಲ. (ದಾಸ್ಯದ ಬಗ್ಗೆ ಈ ಪತ್ರ ಎತ್ತೋ ಕಷ್ಟದ ಪ್ರಶ್ನೆಗಳು ಬೇರೆ ಇವೆ, ಅದಕ್ಕೆ ಬೇರೆ ಉತ್ತರಾನೇ ಬೇಕು.)

ರಿಚರ್ಡ್ ಸ್ವಿನ್‌ಬರ್ನ್ ಅನ್ನೋ ಆಕ್ಸ್‌ಫರ್ಡ್ ತತ್ವಜ್ಞಾನಿ 1989ರಲ್ಲಿ ಈ ವಿಷಯಾನ ಬಿಡಿಸಿ ಬರೆದ. ತಪ್ಪು ಮಾಡಿದವನ ಕಡೆಯಿಂದ ನಾಲ್ಕು ಬರಬೇಕು ಅಂತಾನೆ: ಪಶ್ಚಾತ್ತಾಪ, ಕ್ಷಮೆ ಕೇಳೋದು, ನಷ್ಟ ತುಂಬೋದು, ಅದರ ಮೇಲೆ ಮನಸ್ಸಿನ ಗುರುತಾಗಿ ಇನ್ನೊಂಚೂರು. ಕೊನೇ ಎರಡರಲ್ಲಿ ಎಷ್ಟು ಬೇಕು ಎಷ್ಟು ಬಿಡಬಹುದು ಅನ್ನೋದು ನೋವು ತಿಂದವರ ಕೈಯಲ್ಲಿದೆ. ಮೊದಲೆರಡೂ ಇಲ್ಲದೆ ದೊಡ್ಡ ತಪ್ಪನ್ನ ಕ್ಷಮಿಸಿದ್ರೆ ಆ ತಪ್ಪೇ ಏನೂ ಅಲ್ಲ ಅಂದ ಹಾಗಾಗುತ್ತೆ ಅಂತಾನೆ. ಅವನ ದೊಡ್ಡ ಥಿಯರಿಯಲ್ಲಿ ನಾನು ಒಪ್ಪದ ಜಾಗಗಳಿವೆ, ಆದ್ರೆ ಈ ಒಂದು ವಿಷಯ ಹಿಡ್ಕೊಳ್ಳಿ, ಬಿಟ್ಟುಕೊಡೋ ಹಕ್ಕು ನಿಮ್ಮದು. ಅಣ್ಣ ತಾನೇ ಬಿಟ್ಟುಕೊಂಡುಬಿಡೋಕಾಗಲ್ಲ, ನಿಮ್ಮ ಪರವಾಗಿ ಅಮ್ಮಾನೂ ಬಿಟ್ಟುಕೊಡೋಕಾಗಲ್ಲ.

ನೋವು ತಿಂದವರ ಪರವಾಗಿ ಬೇರೆಯವರು ಬಿಟ್ಟುಕೊಟ್ರೆ ಏನಾಗುತ್ತೆ ಅಂತ ದಕ್ಷಿಣ ಆಫ್ರಿಕಾದಲ್ಲಿ ನೋಡಿದೀವಿ. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷರಾಗಿದ್ದ ಸತ್ಯ ಮತ್ತು ಸಮಾಧಾನ ಆಯೋಗ 1996ರಲ್ಲಿ ವಿಚಾರಣೆ ಶುರು ಮಾಡ್ತು, ಕ್ರೈಸ್ತ ಕ್ಷಮೆಯ ಉಸಿರು ಅದರಲ್ಲಿ ತುಂಬಿತ್ತು, ಆ ದೇಶ ರಕ್ತಪಾತಕ್ಕೆ ಬೀಳದೆ ಉಳಿಯೋದರಲ್ಲಿ ಅದರ ಪಾಲು ದೊಡ್ಡದು ಅಂತಾನೇ ನನ್ನ ಅಭಿಪ್ರಾಯ. ವರ್ಣಭೇದದ ಕಾಲದಲ್ಲಿ ರಾಜಕೀಯ ಉದ್ದೇಶಕ್ಕೆ ಮಾಡಿದ ಅಪರಾಧವನ್ನ ಪೂರ್ತಿ ಬಾಯಿಬಿಟ್ಟು ಹೇಳಿದವರಿಗೆ ಕ್ಷಮಾದಾನ ಅಂತ ನಿಯಮ ಇತ್ತು. ಪಶ್ಚಾತ್ತಾಪ ತೋರಿಸಲೇಬೇಕು ಅಂತ ಇರಲಿಲ್ಲ, ಕ್ಷಮಾದಾನ ಸಿಕ್ಕವರ ಮೇಲೆ ಪರಿಹಾರಕ್ಕೆ ಸಿವಿಲ್ ಕೇಸ್ ಹಾಕೋ ಹಕ್ಕೂ ಸತ್ತವರ ಮನೆಯವರಿಗೆ ಇಲ್ಲದೆ ಹೋಯ್ತು. ಪೊಲೀಸ್ ಕಸ್ಟಡಿಯಲ್ಲಿ 1977ರಲ್ಲಿ ಸತ್ತ ವರ್ಣಭೇದ ವಿರೋಧಿ ಹೋರಾಟಗಾರ ಸ್ಟೀವ್ ಬಿಕೋ ಮನೆಯವರು, 1981ರಲ್ಲಿ ಕೊಲೆಯಾದ ಲಾಯರ್ ಗ್ರಿಫಿತ್ಸ್ ಮ್ಕ್ಸೆಂಗೆ ಮನೆಯವರು ಇದನ್ನ ಒಪ್ಪದೆ ಸಂವಿಧಾನ ಕೋರ್ಟಿಗೆ ಹೋದ್ರು, 1996ರಲ್ಲಿ ಸೋತ್ರು. ಮ್ಕ್ಸೆಂಗೆ ಕೊಲೆಯಲ್ಲಿದ್ದ ಪೊಲೀಸ್ ಅಧಿಕಾರಿ ಡರ್ಕ್ ಕೂಟ್ಸಿಗೆ 1997ರಲ್ಲಿ ಕ್ಷಮಾದಾನ ಸಿಕ್ತು. ಕ್ಷಮಾದಾನ ಕೊಟ್ಟ ಕೂಡ್ಲೇ ಜಾರಿ, ಪರಿಹಾರ ಮಾತ್ರ ಕಾಯ್ತಾ ಕೂತಿತ್ತು. ಆಯೋಗ ಆರು ವರ್ಷ, ವರ್ಷಕ್ಕೆ ಸುಮಾರು 17 ಸಾವಿರದಿಂದ 23 ಸಾವಿರ ರ‍್ಯಾಂಡ್ ಕೊಡಿ ಅಂತ ಶಿಫಾರಸು ಮಾಡಿತ್ತು, ಸರ್ಕಾರ 2003ರಲ್ಲಿ ಒಂದೇ ಸಲ 30 ಸಾವಿರ ಅಂತ ಘೋಷಿಸಿ ಮುಗಿಸ್ತು. ಟುಟು ಅವರೇ ಈ ವಿಷಯದಲ್ಲಿ ಸರ್ಕಾರವನ್ನ ಬಹಿರಂಗವಾಗಿ ಟೀಕೆ ಮಾಡಿದ್ರು. ಕ್ಷಮೆ ಮುಂದೆ ಓಡಿ ಪರಿಹಾರ ಹಿಂದೆ ಉಳಿದ್ರೆ ನೋವು ತಿಂದವರಿಗೆ ಎರಡನೇ ಸಲ ಮೋಸ ಹೋದ ಹಾಗಾಗುತ್ತೆ, ನಿಮಗೆ ಈಗ ಆಗ್ತಿರೋದೂ ಅದೇ ಅಂತ ಪ್ರಶ್ನೆ ಓದುವಾಗಲೇ ಅನ್ನಿಸ್ತು.

ಇನ್ನು ನೀವು ಕ್ಷಮಿಸಲೇಬೇಕಾ? ಅಮ್ಮ ಹೇಳೋದರಲ್ಲಿ ಸತ್ಯ ಇದೆ, ಅದನ್ನ ನಾನು ಮುಚ್ಚಿಡಲ್ಲ. ಕರ್ತನ ಪ್ರಾರ್ಥನೆಯಲ್ಲಿ ನಾವು ಕ್ಷಮಿಸೋ ಹಾಗೆ ನಮ್ಮನ್ನ ಕ್ಷಮಿಸು ಅಂತ ದಿನಾ ಕೇಳ್ತೀವಿ. ಅಮ್ಮನ ಮನಸ್ಸಲ್ಲಿರೋದು ಬಹುಶಃ ಮತ್ತಾಯ 18ರ ಕ್ಷಮಿಸದ ಸೇವಕನ ಸಾಮ್ಯ, ರಾಜನಿಂದ 10,000 ತಲಾಂತು ಮನ್ನಾ ಮಾಡಿಸ್ಕೊಂಡು ಹೊರಗೆ ಬಂದು 100 ದಿನಾರಿಗೆ ಜೊತೆಯವನ ಕುತ್ತಿಗೆ ಹಿಡಿದವನು. ಒಂದು ತಲಾಂತು ಸುಮಾರು 6,000 ದಿನಾರಿ, ಒಂದು ದಿನಾರಿ ಒಬ್ಬ ಕೂಲಿಯವನ ಒಂದು ದಿನದ ಸಂಬಳ, ಅಂದ್ರೆ ಮೊದಲನೇದು 6 ಕೋಟಿ ದಿನಗಳ ಕೂಲಿ. ಆ ಕಥೆ ನಮ್ಮನ್ನೆಲ್ಲಾ ಹಿಡಿದು ಅಲ್ಲಾಡಿಸಬೇಕಾದ್ದೇ. ಆದ್ರೆ 100 ದಿನಾರಿ ಸಾಲದವನು ಏನಂದ ನೋಡಿ, ಸ್ವಲ್ಪ ತಾಳ್ಕೋ, ಕೊಟ್ಟುಬಿಡ್ತೀನಿ ಅಂದ. ರಾಜ ನನ್ನನ್ನ ಕ್ಷಮಿಸಿದಾನೆ ಹಾಗಾಗಿ ನಿನಗೆ ಕೊಡಬೇಕಾಗಿಲ್ಲ ಅನ್ನಲಿಲ್ಲ. ಅದೇ ಅಧ್ಯಾಯದಲ್ಲಿ ಆ ಕಥೆಗಿಂತ ಸ್ವಲ್ಪ ಮೊದಲು, ನಿನ್ನ ಸಹೋದರ ತಪ್ಪು ಮಾಡಿದ್ರೆ ಅವನೊಬ್ಬನಿಗೇ ಹೋಗಿ ಹೇಳು, ಕೇಳದಿದ್ರೆ ಒಬ್ಬಿಬ್ಬರನ್ನ ಕರ್ಕೊಂಡು ಹೋಗು, ಆಗಲೂ ಕೇಳದಿದ್ರೆ ಸಭೆಗೆ ಹೇಳು ಅಂತಾನೂ ಇದೆ. ಲೂಕ 17ರಲ್ಲಿ ಅವನನ್ನ ಗದರಿಸು, ಪಶ್ಚಾತ್ತಾಪ ಪಟ್ರೆ ಕ್ಷಮಿಸು ಅಂತ ಇದೆ.

ದ್ವೇಷ ಬಿಡೋದು ಒಂದು, ಬಾಕಿ ಬಿಡೋದು ಇನ್ನೊಂದು, ಮೊದಲಿನ ಥರಾನೇ ನಂಬೋದು ಮತ್ತೊಂದು. ಮೊದಲನೇದನ್ನ ಬೈಬಲ್ ನಿಮ್ಮಿಂದ ಕೇಳುತ್ತೆ, ಇವತ್ತೇ ಆಗದಿದ್ರೂ ಆ ಕಡೆಗೆ ನಡೀಬೇಕು, ಅಣ್ಣ ಕೊಟ್ರೂ ಸರಿ ಕೊಡದಿದ್ರೂ ಸರಿ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನ, ಅವರ ಮಕ್ಕಳು 10 ವರ್ಷದ ಫಿಲಿಪ್ ಮತ್ತೆ 6 ವರ್ಷದ ತಿಮೊಥಿ ಜೊತೆ ಜೀಪಲ್ಲೇ ಸುಟ್ಟ ಮೇಲೆ ಅವರ ಹೆಂಡತಿ ಗ್ಲ್ಯಾಡಿಸ್ ಕೊಂದವರನ್ನ ಕ್ಷಮಿಸಿದೀನಿ ಅಂದ್ರು, ಬಾರಿಪದದ ಕುಷ್ಠರೋಗಿಗಳ ಸೇವೆ ಮುಂದುವರಿಸಿದ್ರು. ಕೇಸು ಮಾತ್ರ ತನ್ನ ದಾರೀಲಿ ನಡೀತು, ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನ 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡೀತು. ಅವರ ಕ್ಷಮೆ ಪೊಳ್ಳು ಅಂತ ಅದರಿಂದ ಯಾರಿಗೂ ಅನ್ನಿಸಲಿಲ್ಲ.

ಹಾಗಾಗಿ ಈಗ ಮಾಡಬೇಕಾದ್ದು ಇಷ್ಟು. ಅಣ್ಣನ ಹತ್ರ ಒಬ್ಬರೇ ಕೂತು ಮೊತ್ತ ಹೇಳಿ, ಸುಳ್ಳು ಹೇಳಿ ಸೈನ್ ಹಾಕಿಸ್ಕೊಂಡಿದ್ದನ್ನೂ ಬಾಯಿಬಿಟ್ಟು ಹೇಳಿ, ದುಡ್ಡಿಗಿಂತ ಅದೇ ನಿಮಗೆ ಜಾಸ್ತಿ ನೋವು ಕೊಟ್ಟಿರಬಹುದು. ಕೇಳದಿದ್ರೆ ಅವರು ಗೌರವ ಕೊಡೋ ಫಾದರ್ ಅಥವಾ ಪಾಸ್ಟರ್ ಒಬ್ಬರನ್ನ ಜೊತೆಗೆ ಕರ್ಕೊಂಡು ಹೋಗಿ. ಕೋರ್ಟಿಗೆ ಹೋಗೋದು ಪಾಪಾನಾ ಅಂತ ನಿಮ್ಮ ಮನೇಲಿ ಯಾರಾದ್ರೂ ಒಂದನೇ ಕೊರಿಂಥ 6 ತೋರಿಸಿದ್ರೆ, ಅಲ್ಲಿ ಪೌಲ ಕೇಳೋದು ನಿಮ್ಮಲ್ಲಿ ನ್ಯಾಯ ತೀರಿಸೋ ಒಬ್ಬ ಬುದ್ಧಿವಂತನೂ ಇಲ್ವಾ ಅಂತ, ಮೋಸ ಮಾಡೋ ಸಹೋದರರನ್ನೂ ಅದೇ ಉಸಿರಲ್ಲಿ ಬಯ್ದಿದಾನೆ ಅಂತ ಹೇಳಿ. ಸಭೆ ಆ ನ್ಯಾಯ ಕೊಡದೇ ಇದ್ರೆ ಒಳ್ಳೇ ವಕೀಲರನ್ನ ನೋಡೋದರಲ್ಲಿ ತಪ್ಪಿಲ್ಲ, ಅದಕ್ಕೆ ಕಾಲಮಿತಿ ಇರೋದರಿಂದ ಸಲಹೆಯನ್ನಾದ್ರೂ ಬೇಗ ತಗೊಳ್ಳಿ. ಅಮ್ಮನಿಗೆ ಮತ್ತಾಯ 5ರ 23 ಮತ್ತೆ 24ನೇ ವಚನ ಓದಿಸಿ, ಕಾಣಿಕೆಯನ್ನ ವೇದಿಯ ಮುಂದೇನೇ ಬಿಟ್ಟು ಎದ್ದು ಹೋಗಬೇಕಾದವರು ಯಾರು ಅಂತ ಅದರಲ್ಲಿದೆ, ಯಾರ ಮೇಲೆ ದೂರು ಇದೆಯೋ ಅವರು, ದೂರು ಇರೋರಲ್ಲ. ಅಣ್ಣನ ಹತ್ರ ನಿಜವಾಗ್ಲೂ ಅಷ್ಟು ದುಡ್ಡು ಇಲ್ಲ ಅಂತ ಗೊತ್ತಾದ್ರೆ ಕಂತು ಮಾಡ್ಕೊಳ್ಳಿ, ಕೊನೆಗೆ ಸ್ವಲ್ಪ ಬಿಟ್ಟುಕೊಡಬೇಕು ಅಂತ ನಿಮಗೇ ಅನ್ನಿಸಿದ್ರೆ ಬಿಡಿ, ಎಷ್ಟು ಬಿಡ್ತಿದೀರ ಅನ್ನೋದು ಇಬ್ಬರಿಗೂ ಗೊತ್ತಿರಲಿ.